‘ರವಾನಿಸು’ ಎಂಬ ಗುಂಡಿ

೨ ಜೂನ್ ೨೦೨೫, ಸೋಮವಾರ

ಇಪ್ಪತ್ತೊಂಬತ್ತು ವರ್ಷ ಹುಬ್ಬಳ್ಳಿಯ ಛಾಪಖಾನೆಯಲ್ಲಿ ಕರಡು ತಿದ್ದಿದ್ದೇನೆ. ಲಗ್ನಪತ್ರಿಕೆಯಿಂದ ಹಿಡಿದು ಸ್ಮರಣ ಸಂಚಿಕೆಯವರೆಗೆ ನನ್ನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರ ಹೊರಗೆ ಹೋಗಿಲ್ಲ. ಆದರೂ ಪ್ರಭಂಜನ ಎಂದು ಹೆಸರು ಹಿಡಿದು ಕರೆದವರಿಲ್ಲ, ‘ಪ್ರೂಫಿನವರು’ ಎಂದೇ ನಡೆದುಹೋಯಿತು. ಛಾಪಖಾನೆ ಮುಚ್ಚಿದ ಮೇಲೆ ಕಲಘಟಗಿಯ ಈ ಪಶುಸೇವಾ ಟ್ರಸ್ಟಿಗೆ ವ್ಯವಸ್ಥಾಪಕನಾಗಿ ಬಂದು ಆರು ವರ್ಷ. ಇಲ್ಲಿಯೂ ಬೀಗದ ಕೈ ಮತ್ತು ಹಾಜರಿ ಪುಸ್ತಕದ ಹೊರತು ನನಗೆ ಬೇರೆ ಕೆಲಸವಿರಲಿಲ್ಲ. ಇವತ್ತು ಅಧ್ಯಕ್ಷರಾದ ಸಂಗನಬಸವ ಅವರು ಕುರ್ಚಿ ತೋರಿಸಿ ಕೂಡಲು ಹೇಳಿದರು. ಸಂತೋಷವಾಯಿತು, ಬರೆದಿಡಲು ನಾಚಿಕೆ ಏಕೆ.

ಹೊಸ ತಂತ್ರಾಂಶ ಬರುತ್ತಿದೆ. ಇಷ್ಟು ದಿನ ಹಳ್ಳಿಯಿಂದ ಆಕಳು ಎಮ್ಮೆ ಬಿದ್ದಿದೆ ಎಂದು ಫೋನ್ ಬಂದರೆ, ನಮ್ಮ ಫೋನ್ ನಿರ್ವಾಹಕಿ ಮಹಾನಂದಾ ನೇರ ಡಾಕ್ಟರಿಗೆ ಹೇಳಿ ಗಾಡಿ ಕಳಿಸುತ್ತಿದ್ದಳು. ಇನ್ನು ಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಬೇಕು, ಅದು ಒಂದು ನಂಬರು ಕೊಡಬೇಕು, ನಂಬರು ಬಂದರೆ ಮಾತ್ರ ಗಾಡಿ ಹೊರಡಬೇಕು. ನಮ್ಮಲ್ಲಿರುವುದು ವಿಂಡೋಸ್ ಯಂತ್ರ, ದುಮ್ಮವಾಡದ ಉಪಕೇಂದ್ರದಲ್ಲಿ ಲಿನಕ್ಸ್, ಅಧ್ಯಕ್ಷರ ಮನೆಯಲ್ಲಿ ಆ್ಯಪಲ್. ಮೂರರ ಮೇಲೂ ಒಂದೇ ಥರ ನಡೆಯುತ್ತದಂತೆ.

“ಸರ, ಬಟನ್‌ದಿಂದ ಹಿಡದು ಎಲ್ಲಾ ಶುದ್ಧ ಕನ್ನಡದಾಗ ಇರಬೇಕ್ರಿ,” ಎಂದರು ಅಧ್ಯಕ್ಷರು. “ದಾನ ಕೊಡೋ ಮಂದಿ ಬಂದು ನೋಡಿದ್ರ ಮೂಗಿನ ಮ್ಯಾಲೆ ಬಟ್ಟು ಇಡಬೇಕು. ನಿಮ್ಮ ಕೈಯಾಗಿಂದ ಆಗೋ ಕೆಲಸ ಇದು.”

ನನ್ನ ಕೈಯಿಂದ ಆಗುವ ಕೆಲಸ ಹೌದು.

೫ ಜೂನ್, ಗುರುವಾರ

ಪಟ್ಟಿ ಮುಗಿಯಿತು. ಇನ್ನೂರ ಹನ್ನೆರಡು ಪದ. ಬಟನ್‌ಗೆ ‘ಗುಂಡಿ’ ಎಂದು ಹಾಕಿದ್ದಕ್ಕೆ ನಮ್ಮ ಪಶುವೈದ್ಯ ಡಾ. ಸುದೀಪ, “ಏನ್ರಿ ಸರ, ಅಂಗಿ ಗುಂಡೀನೋ, ಎಮ್ಮಿ ಬೀಳೂ ಗುಂಡೀನೋ?” ಎಂದು ನಕ್ಕ. ನಗಲಿ. ಸೆಂಡ್ ಎಂಬುದಕ್ಕೆ ‘ಕಳಿಸು’ ಸಾಕು ಎಂಬುದು ಅವನ ಅಭಿಪ್ರಾಯ. ಸಾಲದು. ಡಿಲೀಟ್‌ಗೆ ‘ಅಳಿಸು’ ಎಂದಿದೆ, ಅದರ ಮಗ್ಗುಲಿಗೇ ‘ಕಳಿಸು’ ಬಂದರೆ ಒಂದೇ ಅಕ್ಷರದ ಅಂತರ, ಕಣ್ಣು ಮೋಸ ಹೋಗುತ್ತದೆ. ಕರಡು ತಿದ್ದಿದವನಿಗೆ ಮಾತ್ರ ಹೊಳೆಯುವ ಸಂಗತಿ ಇದು. ‘ರವಾನಿಸು’ ಎಂದು ಹಾಕಿದೆ. ಮೂಲ ಪಾರಸಿಯಾದರೂ ಪದಕ್ಕೆ ಗಾಂಭೀರ್ಯವಿದೆ.

ಕಂಪನಿಯವರಿಗೆ ಮಾತ್ರ ಶಿಸ್ತಿಲ್ಲ. ಅವರ ಇಂಗ್ಲಿಷ್ ಪಟ್ಟಿಯ ತುಂಬ & ಗುರುತು ಚೆಲ್ಲಾಡಿದೆ. ಸೆಂಡ್‌ನ ಹಿಂದೊಂದು, ಡಿಲೀಟ್‌ನ ಹಿಂದೊಂದು, ಕೆಲವು ಕಡೆ ಪದದ ಹೊಟ್ಟೆಯೊಳಗೇ. ‘ಮತ್ತು’ ಎಂದು ಓದಿಕೊಂಡರೆ ಅರ್ಥವಿಲ್ಲ. ಅಕ್ಕಿಯೊಳಗಿನ ಹರಳಿನಂತೆ ಒಂದೊಂದೇ ಆರಿಸಿ ತೆಗೆದೆ. ನಲವತ್ತೊಂದು ಆದವು.

ಮಹಾನಂದಾಗೆ ಪಟ್ಟಿಯನ್ನು ಓದಿ ಹೇಳಿದೆ. ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಂಪ್ಯೂಟರು ಪರದೆಯ ಮೇಲಿನದನ್ನು ಅವಳ ಕಿವಿಗೆ ಓದಿ ಹೇಳುತ್ತದೆ, ಅವಳು ಹತ್ತೂ ಬೆರಳಿನಿಂದ ಟೈಪು ಮಾಡುತ್ತಾಳೆ. ಮೌಸ್ ಮುಟ್ಟುವುದಿಲ್ಲ. ಫೋನಿನಲ್ಲಿ ಕೆಮ್ಮು ಕೇಳಿದರೆ ಸಾಕು, “ಹನಮವ್ವಾರ, ಕೆಂಪ ಆಕಳಕ್ಕ ಮತ್ತ ಬಾವು ಬಂತೇನ್ರಿ?” ಎನ್ನುತ್ತಾಳೆ. ಇಂಥ ನೆನಪು ನಾನು ಎಲ್ಲೂ ನೋಡಿಲ್ಲ. ನನ್ನ ಹೆಂಡತಿ ನರ್ಮದಾ ಅವಳಿಗೆಂದೇ ಅಂಟಿನುಂಡಿ ಕಟ್ಟಿ ಕೊಟ್ಟಿದ್ದಳು.

“ಚಂದ ಅದಾವ್ರಿ ಸರ,” ಎಂದಳು ಉಂಡಿ ಮುರಿಯುತ್ತ. “ಆದ್ರ ಕಂಪನಿಯವ್ರ ಟ್ರೇನಿಂಗ್‌ದಾಗ ಆಲ್ಟ್ ಹಿಡದು ಎಸ್ ಒತ್ತಿದ್ರ ಹೋಗ್ತಿತ್ರಿ. ಅದು ಹಂಗ ಇರತೈತಲ್ರಿ?”

“ಇರ್ತದ, ಎಲ್ಲಿ ಹೋಗ್ತದ,” ಎಂದೆ.

೧೬ ಜೂನ್, ಸೋಮವಾರ

ಕಂಪನಿಯಿಂದ ಸಮೀಕ್ಷಾ ಎಂಬ ಹುಡುಗಿ ಬಂದು ತಂತ್ರಾಂಶ ಹಾಕಿ, ಒಂದು ತಾಸಿನಲ್ಲಿ ಹುಬ್ಬಳ್ಳಿ ಬಸ್ಸು ಹಿಡಿದಳು. ಪರದೆಯ ಮೇಲೆ ನನ್ನ ಪದಗಳು ಸಾಲಾಗಿ ನಿಂತದ್ದನ್ನು ನೋಡಿ ಮೊದಲಿನಿಂದ ಇನ್ನೊಮ್ಮೆ ಓದಿದೆ.

ಮಧ್ಯಾಹ್ನ ಮಹಾನಂದಾ ಕರೆದಳು. “ಸರ, ಬಟನ್ ಸಿಗವಲ್ದ್ರಿ. ಟ್ಯಾಬ್ ಒತ್ತಿದ್ರ ಹೆಸರು, ಊರು, ದನ, ಬ್ಯಾನಿ ಎಲ್ಲಾ ಓದತೈತಿ. ಮುಂದ ಮತ್ತ ಹೆಸರಿಗೇ ಬಂದು ನಿಂದರತೈತಿ. ಆಲ್ಟ್ ಎಸ್ಸೂ ಇಲ್ಲ, ಆಲ್ಟ್ ಏನೂ ಇಲ್ಲ. ಬಟನ್ ಐತೋ ಇಲ್ಲೋ ಅನ್ನೂದ ತಿಳೀವಲ್ದು.”

ಹೋಗಿ ನೋಡಿದೆ. ಮೇಲುಗಡೆ ನೀಲಿ ಪಟ್ಟಿಯಲ್ಲಿ ‘ಅಳಿಸು’, ‘ರವಾನಿಸು’, ‘ಮುಚ್ಚು’ ಚೆನ್ನಾಗಿಯೇ ಇವೆ. ಮೌಸ್ ಹಿಡಿದು ರವಾನಿಸು ಒತ್ತಿದೆ. ಟಿಂಗ್ ಎಂದು ನಂಬರು ಬಂತು, ಹತ್ತು ನಿಮಿಷದಲ್ಲಿ ಗಾಡಿ ಹೊರಟಿತು.

“ಹಂಗಾರ ಪ್ರತಿ ಸಲ ನೀವ ಬರಬೇಕೇನ್ರಿ ಸರ?” ಎಂದಳು.

“ಬರ್ತೀನಿ. ನನಗೇನು ಕೆಲಸ ಅದ.”

ನಿಜ ಹೇಳಬೇಕೆಂದರೆ ಬೇಸರವಾಗಲಿಲ್ಲ. ಈ ಕಚೇರಿಯಲ್ಲಿ ನನ್ನ ಬೆರಳಿಲ್ಲದೆ ಗಾಡಿ ಹೊರಡುವುದಿಲ್ಲ ಎಂಬ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

೧೯ ಜೂನ್, ಗುರುವಾರ

ಇವತ್ತು ಮೂವತ್ನಾಲ್ಕು ಸಲ. ಮಂಡಿ ಹಿಡಿದಿದೆ. ಆದರೆ ಎದ್ದು ಹೋಗಿ ಒತ್ತುವಾಗ ಪ್ರತಿ ಸಲವೂ ಅವಳು “ಭಾಳ ತ್ರಾಸ ಆತ್ರಿ ಸರ” ಎನ್ನುತ್ತಾಳೆ. ಕೇಳಲು ಹಿತವಾಗಿರುತ್ತದೆ.

೨೪ ಜೂನ್, ಮಂಗಳವಾರ

ಸಮೀಕ್ಷಾ ಫೋನ್ ಮಾಡಿದ್ದಳು. ಮಹಾನಂದಾ ಅವಳಿಗೆ ತಾನಾಗಿಯೇ ದೂರು ಹೇಳಿಕೊಂಡಿದ್ದಾಳೆ. ನನ್ನನ್ನು ಕೇಳದೆ.

“ಸರ, ನೀವು ಪಟ್ಟಿಯೊಳಗಿನ & ಗುರುತು ಎಲ್ಲಾ ತಗದೀರಿ. ಅದು ಕಸ ಅಲ್ರಿ. ಅದರ ಮುಂದಿನ ಅಕ್ಷರದ ಕೆಳಗ ಗೆರಿ ಬೀಳ್ತದ, ಆಲ್ಟ್ ಜೋಡಿ ಆ ಅಕ್ಷರ ಒತ್ತಿದ್ರ ಬಟನ್ ಒತ್ತಿದಂಗ. ಮೌಸ್ ಹಿಡೀಲಾರದವ್ರಿಗೆ ಈಗ ಅದೊಂದ ದಾರಿ.”

“ಟ್ಯಾಬ್ ಯಾಕ ಹೋಗೂದಿಲ್ಲ?”

“ಮೂರೂ ಥರದ ಮಷಿನ್ ಮ್ಯಾಲೆ ಒಂದೇ ಹಂಗ ಕಾಣಲಿ ಅಂತ ಆ ಪಟ್ಟಿ ಚಿತ್ರದಂಗ ಬರದೇವ್ರಿ. ಟ್ಯಾಬ್ ಅಲ್ಲಿಗೆ ಮುಟ್ಟೂದಿಲ್ಲ, ಅವರ ಓದೋ ಸಾಫ್ಟ್‌ವೇರಿಗೂ ಕಾಣೂದಿಲ್ಲ. ಅದು ನಮ್ಮ ತಪ್ಪು, ಸರಿ ಮಾಡ್ಲಿಕ್ಕೆ ಎರಡು ಮೂರು ತಿಂಗಳು ಹಿಡೀತದ. ಅಲ್ಲೀತನಕ ಗುರುತು ತಿರುಗಿ ಹಾಕೂಣು. ಕನ್ನಡ ಅಕ್ಷರಕ್ಕ ಹಚ್ಚಿದ್ರ ಕೀಬೋರ್ಡಿಗೆ ತಿಳಿಯೂದಿಲ್ಲ, ಅದಕ್ಕ ರವಾನಿಸು ಬಾಜೂಕ ಒಂದು ಇಂಗ್ಲಿಷ್ ಆರ್ ಬರಬೇಕಾಗ್ತದ. ಹತ್ತು ನಿಮಿಷದ ಕೆಲಸ ರಿ. ನೀವು ಹ್ಞೂಂ ಅಂದ್ರ ಇವತ್ತ ಮಾಡ್ತೀನಿ.”

ನಲವತ್ತೊಂದು ಗುರುತು, ನಲವತ್ತೊಂದು ತಪ್ಪು. ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ತಪ್ಪು ನಾನು ಬಿಟ್ಟಿಲ್ಲ. ಮತ್ತೆ ಅಚ್ಚ ಕನ್ನಡದ ಗುಂಡಿಗೆ ಇಂಗ್ಲಿಷ್ ಬಾಲ ಹಚ್ಚಬೇಕಂತೆ. ಅಧ್ಯಕ್ಷರು ಊರೆಲ್ಲ ಹೇಳಿಕೊಂಡು ತಿರುಗುತ್ತಿರುವಾಗ.

“ಪಟ್ಟಿ ಅಧ್ಯಕ್ಷರು ಒಪ್ಪ್ಯಾರ,” ಎಂದೆ. “ಒಂದಕ್ಷರ ಅಲುಗಾಡಿಸೂ ಹಂಗಿಲ್ಲ.”

“ಮಹಾನಂದಾ ಅವ್ರಿಗೆ ಕೆಲಸ ಮಾಡೂದ ಆಗೂದಿಲ್ಲಲ್ರಿ ಸರ.”

“ಆಕಿಗೆ ನಾ ಇದ್ದೀನಿ.”

ಇದ್ದೇನೆ ಕೂಡ. ದಿನಕ್ಕೆ ಮೂವತ್ತು ಸಲ ಏಳುವವನು ನಾನು, ಬೆಂಕಿ ಹಚ್ಚಿ ಕೂಡುವವರು ಇವರು.

೨೭ ಜೂನ್, ಶುಕ್ರವಾರ

ಮಹಾನಂದಾ ಕೇಳಿದಳು. “ಕಂಪನಿಯವ್ರು ಏನಂದ್ರು ಸರ?”

“ಆಗೂದಿಲ್ಲಂತ.”

ಬೆರಳು ಕೀಲಿಮಣೆಯ ಮೇಲೆ ನಿಂತವು. “ಹತ್ತ ನಿಮಿಷದ ಕೆಲಸ ಅಂದಿದ್ರಲ್ರಿ,” ಎಂದಳು.

ಮಧ್ಯಾಹ್ನ ಆಕೆ “ಸರ” ಎಂದು ಕರೆದಾಗ ಪೇಪರು ಓದುತ್ತಿದ್ದೆ. ಎರಡನೇ ಸಲ ಕರೆದಾಗಲೂ ಓದುತ್ತಿದ್ದೆ. ಮೂರನೇ ಸಲ “ಸರ, ಅದೀರೇನ್ರಿ?” ಎಂದಳು. ಉಸಿರು ಬಿಗಿಹಿಡಿದು ಕೂತೆ. ಆಕೆ ತಲೆ ಅತ್ತಿತ್ತ ಹೊರಳಿಸಿ ನಾನು ಎಲ್ಲಿದ್ದೇನೆಂದು ಕಿವಿಯಿಂದ ಹುಡುಕುತ್ತಿದ್ದಳು. ನೋಡಲು ವಿಚಿತ್ರ ತಮಾಷೆ. ಪುಟ ಪೂರ್ತಿ ಮುಗಿಸಿ ಎದ್ದು ಹೋಗಿ ಒತ್ತಿದೆ. ಸಾಮಾನ್ಯ ಜ್ವರದ ಕೇಸು, ಯಾರದೂ ಏನೂ ಹೋಗಲಿಲ್ಲ. ಸ್ವಲ್ಪ ತಾಳ್ಮೆ ಕಲಿಯಬೇಕು ಇಂಥವರು.

೩ ಜುಲೈ, ಗುರುವಾರ

ನನ್ನ ಬಾಳಿನ ಒಳ್ಳೆಯ ದಿನಗಳಲ್ಲಿ ಇದೊಂದು.

ದಾನ ಕೊಡುವ ಸಂಸ್ಥೆಯಿಂದ ನಾಲ್ವರು ಅಧ್ಯಕ್ಷರ ಮನೆಗೆ ಬಂದಿದ್ದರು. ಆ್ಯಪಲ್ ಯಂತ್ರದ ಮೇಲೆ ತಂತ್ರಾಂಶ ತೋರಿಸುವುದು, ಪದಗಳ ಬಗ್ಗೆ ನಾನು ಮಾತಾಡುವುದು. ಇಸ್ತ್ರಿ ಅಂಗಿ ಹಾಕಿಕೊಂಡು ಹನ್ನೊಂದಕ್ಕೆ ಹೊರಟೆ. ಬಾಗಿಲಲ್ಲಿ ಆಕೆ ತಡೆದಳು.

“ನೀವು ಹೋದ್ರ ಬಟನ್ ಯಾರು ಒತ್ತಬೇಕ್ರಿ?”

“ಬರೂತನಕ ತಡೀ. ಪ್ರಳಯ ಏನಾಗೂದಿಲ್ಲ.”

“ಹಂಗಾರ ಡಾಕ್ಟರಿಗೆ ಮೊದಲಿನಂಗ ಫೋನ್ ಹಚ್ಚಲೇನ್ರಿ?”

“ನಂಬರಿಲ್ಲದ ಗಾಡಿ ಎತ್ತಬಾರದು ಅಂತ ಅಧ್ಯಕ್ಷರ ಆರ್ಡರ್ ಅದ. ಮರತ್ಯೇನು?”

ಅಲ್ಲಿ ಮುಕ್ಕಾಲು ತಾಸು ಮಾತಾಡಿದೆ. ‘ಅಳಿಸು’ ಪಕ್ಕದಲ್ಲಿ ‘ಕಳಿಸು’ ಬಾರದಂತೆ ನೋಡಿಕೊಂಡದ್ದನ್ನು ಹೇಳಿದಾಗ ಬಂದವರಲ್ಲಿ ಹಿರಿಯರೊಬ್ಬರು ತಲೆದೂಗಿದರು. ಅಧ್ಯಕ್ಷರು ಶಾಲು ಹೊದಿಸಿದರು. ಮಾತಿನ ನಡುವೆ ಮೂರು ಸಲ ಕಚೇರಿಯಿಂದ ಫೋನ್ ಬಂತು. ಮೂರು ಸಲವೂ ಕತ್ತರಿಸಿದೆ. ಓಘದಲ್ಲಿದ್ದಾಗ ಯಾರು ಎತ್ತುತ್ತಾರೆ. ಊಟ ಅಲ್ಲೇ ಆಯಿತು, ಹೋಳಿಗೆ ಮಾಡಿಸಿದ್ದರು. ಅಲ್ಲಿಂದ ನೇರ ಮನೆಗೆ ಬಂದೆ.

೪ ಜುಲೈ, ಶುಕ್ರವಾರ

ಹಳ್ಳಿಯೊಂದರ ಫಾತಿಮಾಬಿಯ ಎಮ್ಮೆ ನಿನ್ನೆ ಈಯಲಾರದೆ ಸತ್ತಿದೆ. ಕರುವೂ ಒಳಗೇ ಸತ್ತಿದೆ.

ನಡೆದದ್ದು ಹೀಗೆ. ಹನ್ನೆರಡಕ್ಕೆ ಫೋನ್ ಬಂದಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ ಎಂದು. ಮಹಾನಂದಾ ಎಲ್ಲ ತುಂಬಿದ್ದಾಳೆ. ನನಗೆ ಮೂರು ಸಲ ಫೋನ್ ಮಾಡಿದ್ದಾಳೆ. ಸುದೀಪನಿಗೂ ಹೇಳಿದ್ದಾಳೆ. ಅವನು ನಂಬರು ಬರಲಿ ಎಂದು ಅಳ್ನಾವರ ರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದಿದ್ದಾನೆ. ಕಡೆಗೆ ಆಕೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಚಹಾದಂಗಡಿಯ ಮೈಲಾರಪ್ಪನನ್ನು ಕರೆತಂದು, “ಮ್ಯಾಲೆ ಕಳಿಸೂ ಬಟನ್ ಐತಿ, ಒತ್ತೋ ಯಣ್ಣಾ” ಎಂದಿದ್ದಾಳೆ. ಅವನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವನು. ಅಕ್ಷರ ಕೂಡಿಸಿ ಓದಿ, ಕಳಿಸು ಎಂದು ತಿಳಿದು ‘ಅಳಿಸು’ ಒತ್ತಿದ್ದಾನೆ. ‘ಖಚಿತವೇ?’ ಎಂದು ಕೇಳಿದ್ದಕ್ಕೆ ಹೌದು ಒತ್ತಿದ್ದಾನೆ. ಎಲ್ಲ ಹೋಗಿದೆ. ಆಕೆ ಮತ್ತೆ ಮೊದಲಿನಿಂದ ತುಂಬಿ, ಮತ್ತೆ ಒತ್ತಿಸಿ, ನಂಬರು ಬರುವ ಹೊತ್ತಿಗೆ ಎರಡೂವರೆ.

ಫಾತಿಮಾಬಿ ಬೆಳಿಗ್ಗೆಯೇ ಬಂದು ನಮ್ಮ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಅಳಲಿಲ್ಲ. “ನನ್ನ ಎಮ್ಮಿ ಸತ್ತ ಮ್ಯಾಲ ಎಲ್ಲಾರೂ ಫೋನ್ ಎತ್ತಾಕತ್ತೀರಿ,” ಎಂದಳು. ಆಮೇಲೆ ಒಳಗೆ ಬೆರಳು ಮಾಡಿ, “ಆ ಹುಡುಗಿ ಒಬ್ಬಾಕಿ ತನ್ನ ಮೊಬೈಲ್ ಹಚ್ಚಿ ನನ್ನ ಫೋನ್ ಇಡಲಿಲ್ರಿ. ಹಿಂಗ ಮಾಡು, ಹಂಗ ಕೈ ಹಾಕು, ಬೆಚ್ಚಗಿನ ನೀರು ಹಚ್ಚು ಅಂತ ಕಡೀತನಕ ಹೇಳಿದ್ಲು. ಎಮ್ಮಿ ಉಸಿರು ನಿಂತಿದ್ದು ನನಕಿಂತ ಮೊದಲ ಆಕಿಗೆ ಕೇಳಸ್ತು.”

ಅಧ್ಯಕ್ಷರು ಗರಂ ಆಗಿದ್ದಾರೆ. ಶಾಲು ಹೊದಿಸಿದ ಕೈಯಿಂದಲೇ ಟೇಬಲು ಬಡಿದರು. ಸೋಮವಾರದೊಳಗೆ ವರದಿ ಬೇಕಂತೆ, ಯಾರ ತಪ್ಪೆಂದು. ನನಗೆ ಹೆದರಿಕೆಯಾಗಿದೆ. ಐವತ್ತಾರನೇ ವಯಸ್ಸಿನಲ್ಲಿ ಮನೆಗೆ ಹೋಗು ಎಂದರೆ ಎಲ್ಲಿಗೆ ಹೋಗಲಿ.

೫ ಜುಲೈ, ಶನಿವಾರ

ಫೋನಿನಲ್ಲಿದ್ದ ಹಳೆಯ ಕರೆಗಳನ್ನೆಲ್ಲ ಅಳಿಸಿದೆ. ಬಹಳ ತುಂಬಿಕೊಂಡಿದ್ದವು.

ವರದಿ ಒಂದೇ ಪುಟಕ್ಕೆ ಇಳಿಸಿದ್ದೇನೆ. ಫಾತಿಮಾಬಿಯ ಮಾತು ಸೇರಿಸಿದ್ದೆ, ಉದ್ದವಾಯಿತೆಂದು ತೆಗೆದೆ. ಓದುವವರಿಗೆ ಸಮಯವಿರುವುದಿಲ್ಲ.

೭ ಜುಲೈ, ಸೋಮವಾರ

ವರದಿಯ ಜೊತೆ ನಿರ್ವಾಹಕಿಯ ಬರವಣಿಗೆಯ ಸಮಜಾಯಿಷಿ ಬೇಕೆಂದು ಅಧ್ಯಕ್ಷರು ಹೇಳಿಕಳಿಸಿದರು. ಆಕೆ ಬೆಳಿಗ್ಗೆ ಕೂತು ತಾನೇ ಟೈಪು ಮಾಡಿದಳು. “ಸರ, ಕಾಗುಣಿತ ಒಂದೀಟು ನೋಡ್ರಿ. ಅಧ್ಯಕ್ಷರ ಮುಂದ ಹೋಗೂದು,” ಎಂದಳು. ಆಕೆ ಹೇಳಿದ್ದಕ್ಕೇ ನೋಡಿದೆ. ನಾನಾಗಿ ಕೈ ಹಾಕಿದ್ದಲ್ಲ.

ಆಕೆ ಬರೆದದ್ದು: ‘ಬಟನ್ ನನಗೆ ಸಿಗಲಿಲ್ಲ. ಸಾಹೇಬರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎಮ್ಮೆ ಸಾಯುತ್ತದೆ ಎಂದು ಮೈಲಾರಪ್ಪನ ಕೈಯಿಂದ ಒತ್ತಿಸಿದೆ.’

ಮೊದಲು ‘ಬಟನ್’ ತೆಗೆದು ‘ಗುಂಡಿ’ ಮಾಡಿದೆ. ಆಮೇಲೆ ಆ ಸಿಗಲಿಲ್ಲ ಎಂಬುದು ಕಣ್ಣಿಗೆ ಚುಚ್ಚಿತು. ಗುಂಡಿ ಸಿಗುವುದೆಂದರೇನು, ಅದೇನು ಹಗ್ಗ ಹರಿದುಕೊಂಡು ಹೋಗುವ ಕರುವೇ. ವಾಕ್ಯಕ್ಕೆ ಕರ್ತೃ ಬೇಕು. ‘ನಾನು ರವಾನಿಸು ಗುಂಡಿಯನ್ನು ಒತ್ತಲಿಲ್ಲ’ ಎಂದು ಮಾಡಿದೆ. ಈಗ ವಾಕ್ಯ ಕಾಲ ಮೇಲೆ ನಿಂತಿತು. ಎರಡನೆಯ ವಾಕ್ಯ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ, ಹೊಡೆದುಹಾಕಿದೆ. ಮೂರನೆಯದನ್ನು ‘ಮೇಲಧಿಕಾರಿಯ ಅನುಮತಿ ಇಲ್ಲದೆ ಹೊರಗಿನವರಿಂದ ಗುಂಡಿ ಒತ್ತಿಸಿದೆ’ ಎಂದು ಸರಿಪಡಿಸಿದೆ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಒಂದೊಂದು ಪದ ಹಿಡಿದು ನೋಡಿದೆ, ಇಲ್ಲ.

ಎರಡು ಪ್ರತಿ ತೆಗೆದೆ. ಕಾಗದದ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಬೆರಳು ಹಿಡಿದು ಸಹಿಯ ಜಾಗ ತೋರಿಸಿದೆ. ಬೆರಳು ತಣ್ಣಗಿತ್ತು.

“ನಾ ಬರದಂಗ ಐತಲ್ರಿ ಸರ?”

“ಕಾಗುಣಿತ ತಿದ್ದೀನಿ ಅಷ್ಟ.”

“ಈ ನೌಕರಿ ಹೋದ್ರ ನಾ ಮತ್ತ ಸಂಶಿಗೆ ಅಣ್ಣನ ಮನಿಗೆ ಹೋಗಬೇಕ್ರಿ,” ಎಂದಳು, ಪೆನ್ನು ಹಿಡಿದುಕೊಂಡೇ. “ಅಲ್ಲಿ ಮಂದಿ ಬಂದ್ರ ನನ್ನ ಒಳಗ ಕೂಡಸ್ತಾರ್ರಿ. ಇಲ್ಲಿ ಮಂದಿ ನನ್ನ ಹೆಸರು ಹಿಡದು ಫೋನ್ ಮಾಡ್ತಾರ.”

“ಸಹಿ ಮಾಡು,” ಎಂದೆ.

ಮಾಡಿದಳು. ಅಕ್ಷರ ಸ್ವಲ್ಪ ಏರುಪೇರು, ಆದರೆ ಓದಲು ಬರುತ್ತದೆ. ಒಂದು ಪ್ರತಿ ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು.

೧೦ ಜುಲೈ, ಗುರುವಾರ

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಕೆಯನ್ನು ಕರೆಸಲಿಲ್ಲ. “ತಾನ ಬರಕೊಟ್ಟಾಳ, ಇನ್ನೇನು ಕೇಳೂದು,” ಎಂದರು ಅಧ್ಯಕ್ಷರು. ಸುದೀಪ ಏನೋ ಹೇಳಲು ಬಾಯಿ ತೆರೆದ. ನಂಬರಿಲ್ಲದೆಯೂ ನೀನು ಏಕೆ ಹೋಗಲಿಲ್ಲ ಎಂದು ಅಧ್ಯಕ್ಷರು ಕೇಳಿದ ಮೇಲೆ ಮುಚ್ಚಿದ.

ಸಂಜೆ ಆಕೆಯ ತಾಯಿ ಶಾರದವ್ವ ಬಂದು ಊಟದ ಡಬ್ಬಿ, ಕಿವಿಗೆ ಹಾಕುವ ಹೆಡ್‌ಫೋನ್, ಒಂದು ಶಾಲು ತೆಗೆದುಕೊಂಡು ಹೋದಳು. ಹೋಗುವಾಗ, “ನನ್ನ ಮಗಳು ಬರಿಯೂದು ತಪ್ಪಿರಬಹುದ್ರಿ ಸಾಹೇಬ್ರ. ಸುಳ್ಳು ಬರಿಯೂದಿಲ್ಲ,” ಎಂದಳು. ಅದನ್ನೇ ನಾನೂ ಹೇಳುತ್ತೇನೆ, ಕಾಗದದಲ್ಲಿ ಸುಳ್ಳಿಲ್ಲ.

ನರ್ಮದಾ ಉಂಡಿ ಕಟ್ಟಿಟ್ಟಿದ್ದಳು. ಮಹಾನಂದಾ ಊರಿಗೆ ಹೋಗಿದ್ದಾಳೆ ಎಂದೆ. ನಾನೇ ತಿಂದೆ.

೨೧ ಜುಲೈ, ಸೋಮವಾರ

ಹೊಸ ನಿರ್ವಾಹಕಿ ನಂದಾ. ಅಧ್ಯಕ್ಷರ ತಂಗಿಯ ಸೊಸೆ. ಬಿಎ ಪಾಸು, ಕಣ್ಣು ಚೆನ್ನಾಗಿವೆ. ದನದ ಬಗ್ಗೆ ಏನೂ ಗೊತ್ತಿಲ್ಲ, ಫೋನಿನಲ್ಲಿ ಬಾವು ಎಂದರೆ ಏನೆಂದು ನನ್ನನ್ನೇ ಕೇಳುತ್ತಾಳೆ. ಕಲಿಯುತ್ತಾಳೆ.

ಇವತ್ತು ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. “ಕಾಕಾ, ಟೈಪ್ ಮಾಡೂದು, ಬಿಟ್ಟು ಮೌಸ್ ಹಿಡಿಯೂದು, ಮತ್ತ ಟೈಪ್ ಮಾಡೂದು. ಅಗದಿ ಕೈ ಸೇದಾಕತ್ತೈತ್ರಿ. ಕೀಬೋರ್ಡ್ ಮ್ಯಾಲಿಂದನ ಒತ್ತಾಕ ಬರೂದಿಲ್ಲೇನ್ರಿ?”

ಅಧ್ಯಕ್ಷರ ಕಿವಿಗೆ ಹೋಗುವ ಮೊದಲು ನಾನೇ ಸಮೀಕ್ಷಾಗೆ ಫೋನ್ ಮಾಡಿ, ಆ ಅಕ್ಷರದ್ದೊಂದು ಮಾಡಿಬಿಡವ್ವಾ ಎಂದೆ.

“ಮಹಾನಂದಾ ಮೇಡಂ ತಿರುಗಿ ಬಂದ್ರೇನ್ರಿ?” ಎಂದಳು.

“ಇಲ್ಲ. ಬ್ಯಾರೆಯವ್ರು.”

“ಆತ್ರಿ,” ಎಂದು ಇಟ್ಟಳು. ಈಗಿನ ಹುಡುಗಿಯರಿಗೆ ಮಾತಿನ ಸೌಜನ್ಯ ಕಡಿಮೆ.

ಕಾಲು ತಾಸಿನಲ್ಲಿ ಬಂತು. ರವಾನಿಸು ಪಕ್ಕದಲ್ಲಿ ಸಣ್ಣದೊಂದು ಆರ್, ಕೆಳಗೆ ಗೆರೆ. ನೋಡಿದೆ, ಅಂಥ ಅಸಹ್ಯವೇನಿಲ್ಲ. ಕನ್ನಡಕ್ಕೆ ಏನೂ ಆಗಿಲ್ಲ. ನಂದಾ ಒತ್ತಿ ನೋಡಿ ನಕ್ಕಳು. ಇನ್ನು ನಾನು ಏಳಬೇಕಿಲ್ಲ.

೨೫ ಜುಲೈ, ಶುಕ್ರವಾರ

ಅನುಭವ ಪತ್ರ ಬೇಕೆಂದು ಆಕೆ ಬಂದಿದ್ದಳು. ಸಂಶಿಯಿಂದ ಬಸ್ಸು ಬದಲಿಸುತ್ತ ಒಬ್ಬಳೇ ಬಂದಿದ್ದಾಳೆ. ನಂದಾ ಊಟಕ್ಕೆ ಹೋಗಿದ್ದಳು.

ಪತ್ರ ಮೊದಲೇ ಸಿದ್ಧವಿತ್ತು, ಕೊಟ್ಟೆ. ಚೀಲದಲ್ಲಿ ಇಟ್ಟುಕೊಳ್ಳುತ್ತಾಳೆಂದು ತಿಳಿದಿದ್ದೆ. ಇಲ್ಲ. ಟೇಬಲ್ಲಿನ ಮೇಲೆ ಹಾಸಿ, ಅಂಚು ಮುಟ್ಟಿ ನೇರ ಮಾಡಿ, ಮೊಬೈಲು ತೆಗೆದು ಅದರ ಮೇಲೆ ಹಿಡಿದಳು. ಕ್ಲಿಕ್ ಎಂದಿತು. ಆಮೇಲೆ ಆ ಮೊಬೈಲು ಓದಲು ಶುರು ಮಾಡಿತು. ಅಚ್ಚಾದ ಕನ್ನಡವನ್ನು ಯಂತ್ರ ಹೀಗೆ ಗಟ್ಟಿಯಾಗಿ ಓದುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

‘ಕುಮಾರಿ ಮಹಾನಂದಾ ಅವರು ನಮ್ಮಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾರೆ. ನಡತೆ ಒಳ್ಳೆಯದು. ದೃಷ್ಟಿಯ ಅಗತ್ಯವಿರುವ ಕೆಲಸಗಳಿಗೆ ಯೋಗ್ಯರಲ್ಲ.’

ಕಡೆಯ ಸಾಲಿಗೆ ಆಕೆಯ ಮುಖ ಒಂದಿಷ್ಟೂ ಬದಲಾಗಲಿಲ್ಲ. ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಮಡಿಕೆ ಸವೆದು ಹರಿಯಲು ಬಂದಿತ್ತು. ಅದರ ಮೇಲೂ ಮೊಬೈಲು ಹಿಡಿದಳು.

‘ನಾನು ರವಾನಿಸು ಗುಂಡಿಯನ್ನು ಒತ್ತಲಿಲ್ಲ.’

ನಿಲ್ಲಿಸಿದಳು.

“ಅವತ್ತ ಸಂಜೀಕ ಓದಿಸ್ಕೊಂಡೆ ರಿ,” ಎಂದಳು. “ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ. ಸಹಿ ನಿಂದ ಹೌದೋ ಅಲ್ಲೋ ಅಂದ್ರು. ಹೌದ್ರಿ ಅಂದೆ. ಇಟ್ಟಬಿಟ್ರು.”

ಆಕೆ ನಾನಿದ್ದ ಕಡೆಗೇ, ಒಂದು ಬೆರಳಿನಷ್ಟೂ ತಪ್ಪದೆ, ಮುಖ ತಿರುಗಿಸಿ ನಿಂತಳು.

“ಜಗಳಕ್ಕ ಬಂದಿಲ್ರಿ ಸರ. ನೀವು ತಿಳದವ್ರು, ಅದಕ್ಕ ಕೇಳ್ತೀನಿ. ‘ಸಿಗಲಿಲ್ಲ’ ಅಂತ ಬರದಿದ್ದೆ. ಅದರಾಗ ತಪ್ಪೇನಿತ್ರಿ?”

ವ್ಯಾಕರಣದ ಪ್ರಶ್ನೆಗೆ ನಾನು ಯಾವತ್ತೂ ತಪ್ಪು ಉತ್ತರ ಕೊಟ್ಟವನಲ್ಲ.

“ತಪ್ಪಿರಲಿಲ್ಲ,” ಎಂದೆ.

ಆಕೆ ತಲೆಯಾಡಿಸಿದಳು. ಎರಡೂ ಕಾಗದ ಮಡಚಿಕೊಂಡು, ಕೋಲು ಬಿಚ್ಚಿ, ಮೆಟ್ಟಿಲು ಎಣಿಸಿ ಇಳಿದು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಮೈಲಾರಪ್ಪ ಅಂಗಡಿ ಬಿಟ್ಟು ಬಂದು ರಸ್ತೆ ದಾಟಿಸಿದ.

ನಂದಾ ಬರುವುದು ಇವತ್ತು ತಡವಾಯಿತು. ಸದ್ಯ, ಆ ಮಾತು ಕೇಳಲು ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.